ಶುಕ್ರವಾರದ ಎಂಟು ನಿಮಿಷ

ಚುನಾವಣೆ ಬಂತೆಂದರೆ ಗ್ಲೆನಿಸ್ ಟ್ರ್ಯಾಂಟರ್ ಕೊರಳಿಗೆ ಸ್ಟಾಪ್‌ವಾಚ್ ಬೀಳುತ್ತಿತ್ತು. ಊರಿನ ರೇಡಿಯೋದಲ್ಲಿ ಲೇಬರ್ ಪಕ್ಷದವರು ಎಷ್ಟು ಹೊತ್ತು ಮಾತಾಡಿದರು, ಎದುರಿನ ನ್ಯಾಷನಲ್ಸ್ ಪಕ್ಷದವರು ಎಷ್ಟು ಹೊತ್ತು ಎಂದು ಸೆಕೆಂಡು ಬಿಡದೆ ಬರೆದಿಡುವುದು ಅವಳ ಕೆಲಸ. ಇಬ್ಬರಿಗೂ ಸಮಪಾಲು ಸಿಗಬೇಕೆಂಬುದು ನಿಯಮ. ಹದಿನೆಂಟು ವರ್ಷದಿಂದ ಆ ಪಟ್ಟಿಯಲ್ಲಿ ಯಾರೂ ತಪ್ಪು ಹುಡುಕಿರಲಿಲ್ಲ. ಹಾಗಂತ ಬೈಗುಳಕ್ಕೇನೂ ಬರವಿರಲಿಲ್ಲ ಬಿಡಿ. ಒಂದೇ ಸಂದರ್ಶನಕ್ಕೆ ಎರಡೂ ಕಡೆಯವರು ಫೋನ್ ಮಾಡಿ "ನೀವು ಮಾರಿಕೊಂಡೋರು" ಎನ್ನುತ್ತಿದ್ದರು.

ಈ ಸಲ ದೂರು ಸಿಡ್ನಿಯ ಮುಖ್ಯ ಕಚೇರಿಗೇ ಹೋಯಿತು. ಬರೆದವನು ಅವಳ ಸ್ವಂತ ಅಣ್ಣ ಆಥಲ್. ನಲವತ್ತು ವರ್ಷ ಕುರಿಯ ಉಣ್ಣೆ ಕತ್ತರಿಸಿದವನು, ಹುಟ್ಟಿದಾಗಿನಿಂದ ಲೇಬರ್. ತಮ್ಮ ಅಭ್ಯರ್ಥಿಯ ಮಾತನ್ನು ರೇಡಿಯೋದ ನಿರೂಪಕಿ ಬೇಕೆಂದೇ ಅರ್ಧಕ್ಕೆ ತುಂಡರಿಸುತ್ತಾಳೆ ಎಂಬುದು ಅವನ ಸಿಟ್ಟು. ಸೋಮವಾರದೊಳಗೆ ಪಟ್ಟಿ ಕಳಿಸಿ ಎಂದು ಸಿಡ್ನಿಯವರು ಕೇಳಿದರು. ಅದರಲ್ಲಿ ಹುಳುಕು ಸಿಕ್ಕರೆ ಹೋಗುವುದು ಗ್ಲೆನಿಸಳ ಹೆಸರು.

ಲೇಬರ್ ನಲವತ್ತೇಳು ನಿಮಿಷ, ನ್ಯಾಷನಲ್ಸ್ ನಲವತ್ತೇಳು. ಗ್ಲೆನಿಸ್ ಹೆಮ್ಮೆಯಿಂದಲೇ ಹಳೆಯ ಧ್ವನಿಮುದ್ರಣಗಳನ್ನು ಮತ್ತೊಮ್ಮೆ ಕೇಳುತ್ತಾ ಕೂತಳು. ಶುಕ್ರವಾರದ್ದು ಬಂತು. ಶನಿವಾರದ ಫುಟಿ, ಅಂದರೆ ಫುಟ್‌ಬಾಲ್, ಪಂದ್ಯಗಳಲ್ಲಿ ಯಾರು ಗೆಲ್ಲುತ್ತಾರೆಂದು ಕ್ರೇಗ್ ಮಲ್‌ಹಾಲೆಂಡ್ ನಗುನಗುತ್ತಾ ಹೇಳುತ್ತಿದ್ದ. ಊರ ತಂಡದ ಹಳೇ ನಾಯಕ, ವರ್ಷಗಳಿಂದ ಇದನ್ನು ಹೇಳುತ್ತಾ ಬಂದವನು.

ಈಗ ಅವನೇ ನ್ಯಾಷನಲ್ಸ್ ಅಭ್ಯರ್ಥಿ.

ಅಯ್ಯೋ ದೇವರೇ! ಆರು ಶುಕ್ರವಾರ, ಎಂಟೆಂಟು ನಿಮಿಷ. ಒಂದು ಸಲವೂ ಅವಳ ಬೆರಳು ಸ್ಟಾಪ್‌ವಾಚ್ ಒತ್ತಿರಲಿಲ್ಲ. ಊರಲ್ಲಿ ಒಬ್ಬರೂ ಆ ಮಾತು ಎತ್ತಿರಲಿಲ್ಲ.

ಅವಳು ಸೀದಾ ಆಥಲ್ ಮನೆಗೆ ಹೋದಳು.

"ನಿನ್ನ ದೂರು ನಿಜ ಕಣೋ ಆಥಲ್."

"ನಾನು ಬಡ್ಕೊಂಡಿದ್ದೂ ಅದೇ ತಾನೇ!"

"ನೀನು ಹೇಳಿದ್ದಲ್ಲ. ಕ್ರೇಗ್‌ದು ಫುಟಿ ಮಾತು ನಲವತ್ತೆಂಟು ನಿಮಿಷ ಆಗಿದೆ. ನಾನು ಬರ್ದೇ ಇಲ್ಲ."

ಆಥಲ್ ಚಹಾದ ಲೋಟ ಕೆಳಗಿಟ್ಟ. "ತಲೆಗಿಲೆ ಕೆಟ್ಟಿದ್ಯಾ ಗ್ಲೆನ್? ಅದು ಫುಟಿ ಕಣೆ! ಅದ್ರಲ್ಲಿ ರಾಜಕೀಯ ಎಲ್ಲಿಂದ ಬಂತು? ಯಾರು ಗೆಲ್ತಾರೆ ಅಂತ ಅವನು ಹೇಳಿದ ಹಾಗೇ ಬರೆದು ಪಬ್ಬಿನ ಊಹೆ ಸ್ಪರ್ಧೆಲಿ ನಾನೇ ಈಗ ಮುಂದಿದೀನಿ. ಅದನ್ನೇನಾದ್ರೂ ನಿಲ್ಸಿದ್ರೆ ನೋಡು ಮತ್ತೆ."

"ಅಷ್ಟು ಇಷ್ಟ ಆದ್ರೆ ಅವನಿಗೇ ಓಟು ಹಾಕ್ಬಿಡು."

ಅವಳು ತಮಾಷೆಗೆ ಅಂದದ್ದು. ಆಥಲ್ ನಗಲಿಲ್ಲ.

"ಒಂದ್ ಸಲ ಹಾಕಿದ್ರೆ ಏನೀಗ," ಅಂದ. "ಒಳ್ಳೆ ಹುಡುಗ ಕಣೆ. ವಾರವಾರ ನಮ್ಮನೆಯವನ ಥರ ಮಾತಾಡ್ತಾನೆ."

ಗ್ಲೆನಿಸ್ ವಾಪಸು ಹೋಗಿ ನ್ಯಾಷನಲ್ಸ್ ಮುಂದಿನ ನಲವತ್ತೇಳನ್ನು ಹೊಡೆದುಹಾಕಿ ತೊಂಬತ್ತೈದು ಎಂದು ಬರೆದಳು. ಕೆಳಗೆ "ತಪ್ಪು ನನ್ನದು" ಎಂದು ಸೇರಿಸಿ ಸಹಿ ಹಾಕಿದಳು.

ಮುಂದಿನ ಶುಕ್ರವಾರ ಫುಟಿ ಮಾತು ಇರಲಿಲ್ಲ. ಸ್ಟಾಪ್‌ವಾಚ್ ಬೇರೆಯವರ ಕೊರಳಿಗೆ ಹೋಗಿತ್ತು. ಗ್ಲೆನಿಸಳನ್ನು ಫೋನ್ ಎತ್ತಲು ಕೂರಿಸಿದ್ದರು. ಮೊದಲ ಕರೆ ಆಥಲ್‌ನದು.

"ಕ್ರೇಗ್‌ನ ತೆಗೆಯೋಕೆ ಯಾವ ಪಕ್ಷದೋರು ಹೇಳ್ಕೊಟ್ರು?" ಎಂದು ಕಿರುಚಿದ. "ನೀವೆಲ್ಲಾ ಮಾರಿಕೊಂಡೋರು!"

"ನಿಮ್ಮ ಹೆಸರು?" ಎಂದಳು ಗ್ಲೆನಿಸ್, ಪೆನ್ನು ತೆಗೆದುಕೊಂಡು.