ರೋಂದ್ ಮರ ಇಲ್ಲದ ವಸಂತ

ಒದಿಲ್ ಕೊಂಬೆ ಬಗ್ಗಿಸಿ ನೋಡಿದಳು. ಹೆಣ್ಣು ಹೂವಿನ ತುದಿಯಲ್ಲಿ ಎರಡು ಹಳದಿ ಗರಿಗಳು ಕವಲೊಡೆದು ಒದ್ದೆಯಾಗಿ ಮಿನುಗುತ್ತಿದ್ದವು. ಪರಾಗಕ್ಕೆ ಕಾದಿರುವ ಹೂ. ಅದೇ ಮರದ ಗಂಡು ಹೂವಿನ ಜೋಲುಗಳು ಮಾತ್ರ ಆಗಲೇ ಪುಡಿ ಚೆಲ್ಲಿ ಮುಗಿಸಿ, ಕಂದು ಕಂಬಳಿಹುಳಗಳಂತೆ ಹುಲ್ಲಿನ ಮೇಲೆ ಬಿದ್ದಿದ್ದವು.

ಅಕ್ರೋಟಿನಲ್ಲಿ ಫ್ರಾಂಕೆಟ್ ತಳಿಯ ಗುಣವೇ ಅದು. ತಡವಾಗಿ ಚಿಗುರುವುದರಿಂದ ಇಸೇರ್ ಕಣಿವೆಯ ಏಪ್ರಿಲ್ ಹಿಮಕ್ಕೆ ಸಿಗುವುದಿಲ್ಲ. ಆದರೆ ಅದರ ಗಂಡು ಹೂ ಹೆಣ್ಣು ಹೂವಿಗಾಗಿ ಕಾಯುವುದಿಲ್ಲ. ಅದಕ್ಕೇ ಇಲ್ಲಿನವರು ಗಾಳಿ ಬರುವ ಅಂಚಿನಲ್ಲಿ ರೋಂದ್ ತಳಿಯ ಮರವೊಂದನ್ನು ಇಟ್ಟುಕೊಳ್ಳುತ್ತಾರೆ. ಅದು ಪರಾಗ ಚೆಲ್ಲುವುದು ತಡವಾಗಿ.

ಒದಿಲಳ ರೋಂದ್ ಮರ ಚಳಿಗಾಲದಲ್ಲಿ ಹೋಯಿತು. ಕಡಿಸಿದ್ದು ಅವಳೇ. ಗೋಲಿಯಷ್ಟು ಕಾಯಿ ಬಿಡುವ ಮರ ಟ್ರಾಕ್ಟರ್ ತಿರುಗಿಸಲು ಅಡ್ಡಿಯಾಗಿತ್ತು. ಪಕ್ಕದ ತೋಟದ ರೋಂದ್ ಪರಾಗವೇ ಸಾಕಾದೀತು ಎಂದುಕೊಂಡಿದ್ದಳು. ಪಕ್ಕದ ತೋಟವಿದ್ದುದು ದಕ್ಷಿಣಕ್ಕೆ. ಈಗ ಬೀಸುತ್ತಿದ್ದುದು ಬಡಗಣ ಗಾಳಿ.

"ಮದುಮಗಳು ರೆಡಿ. ಮದುಮಗನ್ನ ನೀನೇ ಒಲೆಗೆ ಹಾಕಿದ್ಯಲ್ಲಮ್ಮ!" ಬೇಲಿಯಾಚೆಯಿಂದ ಮಾವ ಫೆರ್ನಾಂದ್ ನಕ್ಕ. ಮರುಕ್ಷಣವೇ ಮುಖ ಗಂಟಿಕ್ಕಿದ. "ಈ ಸಲ ಕಾಯಿ ಕಚ್ಲಿಲ್ಲಾಂದ್ರೆ ಮರ ಕೀಳಿಸಿ ಮೆಕ್ಕೆಜೋಳ ಹಾಕ್ತೀನಿ. ಜಮೀನು ಇನ್ನೂ ನಂದೇ, ಮರೀಬೇಡ."

"ಗೊತ್ತು ಮಾವ."

ಗಿಡಗಳನ್ನು ನೆಟ್ಟವಳು ಅವಳು. ತೋಟ ತುಂಬು ಫಸಲಿಗೆ ಬರಬೇಕಾದದ್ದು ಇದೇ ವರ್ಷ. ಹೂವಿನ ಗರಿಗಳು ಒಣಗಲು ಕೆಲವೇ ದಿನ ಸಾಕು. ಅವಳು ಬುಟ್ಟಿ, ಕತ್ತರಿ ಹಿಡಿದು ಪಕ್ಕದ ತೋಟಕ್ಕೆ ಓಡಿದಳು. ಅದರ ಒಡತಿ ಲಿಯೊಂತಿನ್ ಇಡೀ ಊರಿಗೇ ಅತ್ತೆ.

"ನಿನ್ನ ಮರ ಕಡಿಸೋವಾಗ ನನ್ನ ಕೇಳ್ಲಿಲ್ಲ," ಮುದುಕಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಈಗ ನನ್ನ ಮರದ ಕೈ ಮುರಿಯೋಕೆ ಬಂದ್ಯಾ?"

"ತಪ್ಪಾಯ್ತು ಅತ್ತೆ. ನಾಲ್ಕು ಕೊಂಬೆ ಕೊಡಿ ಸಾಕು."

"ಮರ ಹತ್ತು, ಹತ್ತು! ನಿಮ್ಮ ಮಾವನ ಜೋಳ ನೋಡ್ಕೊಂಡು ಸಾಯೋಕೆ ನನಗಿಷ್ಟ ಇಲ್ಲ."

ಒದಿಲ್ ಒಂದೊಂದು ಜೋಲನ್ನೂ ಬೆರಳಿನಿಂದ ತಟ್ಟಿ, ಹಳದಿ ಪುಡಿ ಉದುರಿದ ಕೊಂಬೆಗಳನ್ನಷ್ಟೇ ಕತ್ತರಿಸಿದಳು. ಬಕೆಟ್‌ಗಳಿಗೆ ನೀರು ತುಂಬಿ, ಕೊಂಬೆಗಳನ್ನಿಟ್ಟು, ಉತ್ತರದ ಸಾಲಿನ ಮರಗಳಿಗೆ ತೂಗುಹಾಕಿದಳು. ಆಮೇಲೆ ಹೊಸ ಭಯ: ಪುಡಿ ಅತಿಯಾದರೂ ಹೆಣ್ಣು ಹೂ ಉದುರುತ್ತದೆ. ಎರಡು ಬಕೆಟ್ ಇಳಿಸಿದಳು. ಒಂದನ್ನು ಮತ್ತೆ ಏರಿಸಿದಳು.

ಸಂಜೆಗೆ ವೆರ್ಕೋರ್ ಬೆಟ್ಟದ ಮೇಲೆ ಮೋಡ ಕವಿಯಿತು. ಪರಾಗ ನೆನೆದರೆ ಕೆಟ್ಟಂತೆಯೇ. ಮರುದಿನ ಮಧ್ಯಾಹ್ನದವರೆಗೂ ಗಾಳಿ ಬೀಸಿತು. ಆಮೇಲೆ ಮಳೆ ಹಿಡಿಯಿತು. ಬೀಸಿದ ಗಾಳಿ ಎಷ್ಟು ದೂರ ಒಯ್ದಿತೋ, ಯಾರಿಗೂ ಹೇಳಲಾಗದು.

ಗರಿಗಳು ಕಪ್ಪಗಾದವು. ಕಾಯಿ ಕಟ್ಟಿದರೂ ಕಪ್ಪಗಾಗುತ್ತವೆ, ಕಟ್ಟದಿದ್ದರೂ. ಅವಳು ದಿನವೂ ಹೋಗಿ ನೋಡಿದಳು.

ಜೂನ್‌ನಲ್ಲಿ ಉತ್ತರದ ಸಾಲುಗಳಲ್ಲಿ ಎಳೆಗಾಯಿ ಉಬ್ಬಿತು. ದಕ್ಷಿಣದ ಸಾಲುಗಳಲ್ಲಿ ಒಣಗಿದ ಹೂಗಳು ಮುಟ್ಟಿದರೆ ಉದುರುತ್ತಿದ್ದವು.

ಫೆರ್ನಾಂದ್ ಎರಡೂ ಕಡೆ ನಡೆದು ನೋಡಿದ. "ಅರ್ಧ ಕಚ್ಚಿದೆ. ಆ ಕಡೆ ಅರ್ಧಕ್ಕೆ ಜೋಳ."

"ಮುಂದಿನ ವರ್ಷದವರೆಗೂ ಬಿಡಿ ಮಾವ. ರೋಂದ್ ಕಸಿ ಕಟ್ತೀನಿ."

"ಕಸಿ ಪುಡಿ ಚೆಲ್ಲೋಕೆ ಎಷ್ಟು ವರ್ಷ?"

ನಾಲ್ಕೈದು ವರ್ಷವಾದರೂ ಬೇಕೆಂದು ಅವಳಿಗೆ ಗೊತ್ತಿತ್ತು.

"ಲಿಯೊಂತಿನ್ ಅಲ್ಲೀವರೆಗೂ ಕೊಂಬೆ ಕೊಡ್ತಾಳೇನು?"

"ಕೇಳ್ತೀನಿ."

"ಮೊದಲು ಕೇಳ್ಕೊಂಡು ಬಾ," ಎಂದ ಫೆರ್ನಾಂದ್. "ಉಳುಮೆ ಮಾತು ಆಮೇಲೆ."