ಕೊಡದೆ ಉಳಿದ ಪೊಟ್ಟಣ

"ಇನ್ನೂ ಬರ್ಲಿಲ್ಲ" ಎಂದಳು ಮಂಗಲಾ. ಪೊಟ್ಟಣ ಅವಳ ಮೇಜಿನ ಖಾನೆಯಲ್ಲೇ ಇತ್ತು. ಅಂಕೋಲೆ ಬಸ್‌ಸ್ಟ್ಯಾಂಡಿನ ಹಿಂದಿನ ಆ ಕೊರಿಯರ್ ಅಂಗಡಿಯಲ್ಲಿ ಒಂಬತ್ತು ವರ್ಷ ಕೂತವಳು ಗಿರಾಕಿಗೆ ಸುಳ್ಳು ಹೇಳಿದ್ದು ಇದೇ ಮೊದಲು.

ಎದುರು ನಿಂತವನು ಭಾವಿಕೇರಿಯ ಭರತ, ಇಪ್ಪತ್ತಾರರ ಆಸುಪಾಸಿನವನು. ಬೆಳಿಗ್ಗೆಯಿಂದ ಮೂರು ಸಲ ಫೋನು ಮಾಡಿ ಈಗ ತಾನೇ ಬಂದಿದ್ದ. ಬಂದಿದೆ ಎಂದು ಮೊಬೈಲಿನಲ್ಲಿ ತೋರಿಸುತ್ತಿದೆಯಲ್ಲ ಎಂದು ಮೆಲ್ಲಗೆ ಹೇಳಿ, ಜಗಳಕ್ಕೂ ತ್ರಾಣವಿಲ್ಲದವನಂತೆ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತ.

ಹೋದ ವರ್ಷ ಅವರ್ಸೆಯ ಹುಡುಗಿಯೊಬ್ಬಳಿಗೆ ಮಂಗಲಾ ಇಂಥದೇ ಪೊಟ್ಟಣ ಕೊಟ್ಟು, ನಗುತ್ತ ಸಹಿ ಹಾಕಿಸಿಕೊಂಡಿದ್ದಳು. ನಾಲ್ಕನೇ ದಿನ ಪೊಲೀಸರು ಬಂದು ಆ ಸಹಿ ಕೇಳಿದರು. ಒಳಗಿದ್ದದ್ದು ವಿಷ. ಸಾಯುವ ಮಾತನ್ನೇ ಆಡುವ ಯಾವುದೋ ಆನ್‌ಲೈನ್ ಗುಂಪಿನವರು ಹುಡುಗಿಗೆ ಅದನ್ನು ಕಳಿಸುವ ಅಂಗಡಿಯ ಹೆಸರು ಕೊಟ್ಟಿದ್ದರಂತೆ. ಈ ಪೊಟ್ಟಣದ ಮೇಲೂ ಕಳಿಸಿದವರದ್ದು ಅದೇ ಊರು, ಅದೇ ಅಂಗಡಿ.

ಮುಂಜಾನೆ ಅದನ್ನು ಕಂಡೊಡನೆ ಮಾಲೀಕ ಜಗದೀಶನಿಗೆ ಫೋನು ಮಾಡಿದ್ದಳು. ವಿಳಾಸ ಸರಿ ಇದ್ದರೆ ಕೊಟ್ಟುಬಿಡು, ಒಳಗೇನಿದೆ ಎಂಬ ಉಸಾಬರಿ ನಮಗೆ ಬೇಡ, ಕೆಲಸ ಹೋದೀತು ಎಂದಿದ್ದ. ಆಮೇಲೆ ಅವಳು ಪೊಲೀಸ್ ಠಾಣೆಗೂ ತಿಳಿಸಿದ್ದಳು.

ಮಂಗಲಾ ಎದ್ದು ಬಂದು ಬೆಂಚಿನಲ್ಲಿ ಅವನ ಪಕ್ಕ ಕೂತಳು.

"ತಮಾ, ನಾ ಸುಳ್ಳು ಹೇಳ್ದೆ. ಪಾರ್ಸೆಲ್ ಬಂದದೆ. ಆದ್ರೆ ನಾ ಕೊಡೂದಿಲ್ಲ. ಸಾಯೂಕೆ ಅಂತ ತರ್ಸಿದ್ಯಾ?"

ಭರತ ರಸ್ತೆಯ ಕಡೆ ನೋಡುತ್ತ ಹೌದೆಂದು ತಲೆಯಾಡಿಸಿದ. ಆಮೇಲೆ ಮಾತು ತುಣುಕು ತುಣುಕಾಗಿ ಬಂತು. ಆರು ತಿಂಗಳಿಂದ ನಿದ್ದೆಯಿಲ್ಲ. ಮನೆಯಲ್ಲಿ ಹೇಳಿದರೆ ಸೋಮಾರಿತನ ಎನ್ನುತ್ತಾರೆ. ಇವತ್ತು ಹೇಗಿದ್ದೀಯ ಎಂದು ಕೇಳುತ್ತಿದ್ದವರು ಆ ಗುಂಪಿನವರು ಮಾತ್ರ. ಈಗ ಮೂರು ವಾರದಿಂದ ಅವರೂ ಅದನ್ನು ಕೇಳುವುದಿಲ್ಲ. ಪಾರ್ಸೆಲ್ ಬಂತೇ ಎಂದಷ್ಟೇ ಕೇಳುತ್ತಾರೆ.

"ಯಾರು ಅವ್ರು?"

"ಗೊತ್ತಿಲ್ಲ ಅಕ್ಕಾ. ಒಬ್ರ ಮುಖಾನೂ ನೋಡ್ಲಿಲ್ಲ."

ಯಾರನ್ನು ಕರೆಯಲಿ ಎಂದಾಗ ಯಾರೂ ಬೇಡವೆಂದ. ಅವಳು ಏಳಲಿಲ್ಲ. ಕೊನೆಗೆ ಸದಾಶಿವಗಡಕ್ಕೆ ಕೊಟ್ಟ ಅಕ್ಕ ನೀತಾಳ ನಂಬರು ಹೇಳಿದ.

ನೀತಾ ಬರುವಷ್ಟರಲ್ಲಿ ಪೊಲೀಸರು ಬಂದು ಪೊಟ್ಟಣಕ್ಕೆ ಮೊಹರು ಹಾಕಿ ಒಯ್ದಿದ್ದರು. ಅವಳು ತಮ್ಮನನ್ನು ಬೈಯಲಿಲ್ಲ, ಅಳಲೂ ಇಲ್ಲ. ಊಟ ಆಗಿದೆಯೇ ಎಂದು ಕೇಳಿದಳು. ನಂತರ ಕೈ ಚಾಚಿದಳು. ಅವನು ಮೊಬೈಲು ಕೊಟ್ಟ. ಕಾರವಾರದಲ್ಲಿ ಮನಸ್ಸಿನ ಡಾಕ್ಟರಿದ್ದಾರೆ, ಇವತ್ತೇ ತೋರಿಸೋಣ ಎಂದಳು. ಅವನು ಬೇಡವೆನ್ನಲಿಲ್ಲ.

ನಾಳೆ ಬಂದು ಕಾಣು ಎಂದು ಜಗದೀಶನ ಸಂದೇಶ ಬಂದಿತ್ತು. ಮಂಗಲಾ ಅದನ್ನು ಓದಿಕೊಂಡು, ಅಂಗಡಿಯ ಬಾಗಿಲು ಎಳೆದು, ಅವರ ಜೊತೆ ಬಸ್‌ಸ್ಟ್ಯಾಂಡಿನ ತನಕ ಹೋದಳು.

ಕಾರವಾರದ ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿತ್ತು. ನೀತಾ ತಮ್ಮನನ್ನು ಕೂರಿಸಿ ತಾನು ನಿಂತಳು. ಬಸ್ಸು ತಿರುಗುವಾಗ ಮಂಗಲಾಳಿಗೆ ಕಿಟಕಿಯಲ್ಲಿ ಕಂಡದ್ದು ನೀತಾಳ ಎರಡು ಕೈ: ಒಂದು ಮೇಲಿನ ಸರಳು ಹಿಡಿದಿತ್ತು, ಇನ್ನೊಂದು ಅವನ ಅಂಗಿಯ ಕಾಲರನ್ನು, ಸಣ್ಣ ಮಕ್ಕಳನ್ನು ಹಿಡಿದುಕೊಂಡಂತೆ.