ಆರು ಗೀಟಿನ ಹೆಸರು

ಇಸಾಮು ಸೈಕಲ್ಲಿನ ಚೈನನ್ನು ಸೀಮೆಎಣ್ಣೆಯಲ್ಲಿ ಎಷ್ಟು ಉಜ್ಜಿದರೂ ತುಕ್ಕು ಬಿಡುತ್ತಲೇ ಇತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಕೆಳಗಿಟ್ಟು ಹಿಂದಿನ ಚಕ್ರ ತಿರುಗಿಸಿ ಕಿವಿಗೊಟ್ಟ. ಕಿರಕಿರ ನಿಂತಿತ್ತು. ಉಗ್ರಾಣದ ಸೂರಿನಿಂದ ಜಾರಿ ಬಿದ್ದು ಕಪ್ಪಾಗಿದ್ದ ಹಿಮದ ರಾಶಿ ಬಾಗಿಲ ಬಳಿ ಕರಗುತ್ತಿತ್ತು.

"ಹುಳ ಬದಲಾಯ್ಸಿದ್ಯೇನೋ?" ಅವನ ತಾಯಿ ಕಿಯೆ ಕೇಳಿದಳು. ಸೇಬಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತು, ಹಿಮದಡಿಯಿಂದ ಕಿತ್ತು ತಂದ ಕಹಿ ಮೊಗ್ಗುಗಳನ್ನು ಬಿಡಿಸುತ್ತಿದ್ದಳು. ಹುಳ ಎಂದರೆ ವಾಲ್ವಿನೊಳಗಿನ ಸಣ್ಣ ರಬ್ಬರ್ ಕೊಳವೆ. ಚಳಿಗೆ ಒಣಗಿ ಸೀಳುತ್ತದೆ.

"ಎರಡೂ ಬದಲಾಯ್ಸಿದೀನಮ್ಮ."

"ಹೋದ್ವರ್ಷ ಮರ್ತೆ. ಪಾಪ, ಮಗು ಸೇತುವೆಯಿಂದ ತಳ್ಕೊಂಡು ಬಂತು. ಸೇಬಿನ ಕೊಂಬೆ ಕತ್ತರಿಸೋವಾಗ ಇರೋ ಬುದ್ಧಿ ಬೇರೆ ಯಾವ ಕೆಲಸದಲ್ಲೂ ಇಲ್ಲ ನಿಂಗೆ."

ಸೀಟಿನದೇ ಚಿಂತೆ. ನವೆಂಬರಿನಲ್ಲಿ, ಚಳಿಗಾಲಕ್ಕೆಂದು ಸೈಕಲ್ ಇಟ್ಟುಹೋಗಲು ಬಂದಾಗ ಮಗಳು ಸುಜುವಿನ ತಲೆ ಅವನ ಅಂಗಿಯ ಜೇಬಿಗೆ ಬರುತ್ತಿತ್ತು. ಆಮೇಲೆ ಅವನು ಅವಳನ್ನು ನೋಡಿಲ್ಲ. ವಿಚ್ಛೇದನವಾಗಿ ಮೂರು ವರ್ಷವಾಗಿದ್ದ ಹೆಂಡತಿ ಶರತ್ಕಾಲದಲ್ಲಿ ಪಟ್ಟಣದವನೊಬ್ಬನನ್ನು ಮದುವೆಯಾದಳು. ಹೊಸ ವರ್ಷಕ್ಕೆ ಮಗಳನ್ನು ಕಳಿಸು ಅಂದರೆ, ಹಿಮ ಜಾಸ್ತಿ ಅಂದಳು. ಈಗ ಮಗಳು ದೊಡ್ಡ ಶಾಲೆ ಸೇರುತ್ತಿದ್ದಳು. ಸಮವಸ್ತ್ರ, ಚೀಲ, ಹೆಲ್ಮೆಟ್ ಎಲ್ಲವನ್ನೂ ಅಲ್ಲಿಯವರೇ ಕೊಂಡಿದ್ದರು. ಅವನ ಪಾಲಿಗೆ ಉಳಿದದ್ದು ಈ ಸೈಕಲ್ ಮಾತ್ರ. ಅವನು ಸೀಟನ್ನು ಎರಡು ಬೆರಳು ಎತ್ತರಿಸಿದ. ಯೋಚಿಸಿ, ಇನ್ನೊಂದು ಬೆರಳು.

ಕೊನೆಗೆ ಹಿಂದಿನ ಮಡ್‌ಗಾರ್ಡ್. ಹೆಸರು ಬರೆಯದ ಸೈಕಲ್ಲನ್ನು ಆ ಶಾಲೆ ಒಳಗೆ ಬಿಡುವುದಿಲ್ಲ. ಅವನು ಸಣ್ಣ ಕುಂಚವನ್ನು ಬಿಳಿ ಪೇಂಟಿನಲ್ಲಿ ಅದ್ದಿದ. ಅಡ್ಡಕ್ಕೆ ಮೂರು ಗೀಟು. ಅದರ ಕೆಳಗೆ ಒಂದು ನೇರ ಗೀಟು, ಎರಡು ಅಡ್ಡ ಗೀಟು. ಮಿಕಾಮಿ, ಅವರ ಮನೆತನದ ಹೆಸರು. ನಾಲ್ಕನೇ ವಯಸ್ಸಿಗೇ ಸುಜು ಅಂಗಳದ ಹಿಮದ ಮೇಲೆ ಕಡ್ಡಿಯಿಂದ ಅದನ್ನು ಬರೆಯುತ್ತಿದ್ದಳು. ಕೆಳಗೆ ಅವಳ ಹೆಸರನ್ನೂ ಬರೆದ.

"ಕುಡಿದೋನು ಬರ್ದ ಹಾಗಿದೆ," ಎಂದಳು ಕಿಯೆ.

"ಕೈ ಮರಗಟ್ಟಿದೆ."

"ನೋಡಿ ನಗ್ತಾಳೆ ಅವಳು."

ಹನ್ನೊಂದರ ಬಸ್ಸಿಗೆ ಸುಜು ಬಂದಳು. ತಲೆ ಅವನ ಭುಜ ಮುಟ್ಟುತ್ತಿತ್ತು. "ಅಜ್ಜೀ, ನೀನು ಗಿಡ್ಡ ಆಗಿದೀಯ!" ಎಂದು ಕಿಯೆಯ ತಲೆಗವಸನ್ನು ಕೆಳಗೆಳೆದು ನಕ್ಕು, ಓಡಿಹೋಗಿ ಸೈಕಲ್ ಹತ್ತಿದಳು. ಕಾಲ್ಬೆರಳುಗಳು ಸರಿಯಾಗಿ ನೆಲ ಮುಟ್ಟಿದವು. ಕೆಸರಿನಲ್ಲಿ ಎರಡು ಸುತ್ತು ಹೊಡೆದು, ಬ್ರೇಕ್ ಹಾಕಿ ಇಳಿದಳು.

"ಸೀಟು ಹೇಗಿದೆ?"

"ಸರಿಯಾಗಿದೆ. ಹೇಗೆ ಗೊತ್ತಾಯ್ತು?"

ಅಷ್ಟರಲ್ಲಿ ಅವಳು ಮಡ್‌ಗಾರ್ಡ್ ನೋಡಿದ್ದಳು. ನಗಲಿಲ್ಲ. ಹ್ಯಾಂಡಲ್ ಹಿಡಿದೇ ನಿಂತಳು.

"ಅಪ್ಪ, ನಾನೀಗ ಫುಕುಶಿ."

ಕಿಯೆ ಬುಟ್ಟಿ ಎತ್ತಿಕೊಂಡಳು. "ಒಲೆ ಮೇಲೆ ನೀರಿಟ್ಟು ಬಂದಿದ್ದೆ," ಎಂದು ಯಾರಿಗೋ ಎಂಬಂತೆ ಹೇಳಿ ಮನೆಯತ್ತ ಹೋದಳು.

"ಯಾವಾಗಿಂದ?"

"ಜನವರಿಯಿಂದ. ಫುಕುಶಿಯವರೇ ಕಚೇರಿಗೆ ಹೋಗಿ ಕಾಗದ ಕೊಟ್ಟು ಬಂದ್ರು. ಹೊಸ ಶಾಲೇಲಿ ಮೊದ್ಲಿಂದ್ಲೇ ಒಂದೇ ಹೆಸರಿರ್ಲಿ ಅಂತ ಅಮ್ಮ…" ಅವಳು ಬ್ರೇಕಿನ ಹಿಡಿ ಒತ್ತಿ ಬಿಟ್ಟಳು. "ಅಮ್ಮ ನಿಂಗೆ ಹೇಳಿರ್ತಾಳೆ ಅಂದ್ಕೊಂಡಿದ್ದೆ."

"ಹೇಳಿದ್ಲು ಅನ್ಸುತ್ತೆ. ನಾನೇ ಮರ್ತೆ. ನಿಮ್ಮಜ್ಜಿಯನ್ನ ಕೇಳು, ನಂಗೆ ಏನೂ ನೆನಪಿರಲ್ಲ."

"ಹೊಸ ಹೆಸರಿಗೆ ಹದಿನಾರು ಗೀಟು, ಗೊತ್ತಾ? ಪರೀಕ್ಷೇಲಿ ಹೆಸರು ಬರ್ದು ಮುಗಿಸೋಷ್ಟರಲ್ಲಿ ಗಂಟೆ ಹೊಡ್ದಿರುತ್ತೆ."

ಅವನು ನಕ್ಕ. ಅವಳೂ ನಕ್ಕಳು, ಅವಳ ನಗು ಬೇಗ ನಿಂತಿತು.

"ಪೇಂಟ್ ಇನ್ನೂ ಹಸಿ ಇದೆ," ಎಂದ ಇಸಾಮು. "ಇದೇನು ಮಹಾ." ಚಿಂದಿಗೆ ಸೀಮೆಎಣ್ಣೆ ಹಾಕಿಕೊಂಡು ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತ. ಒಂದೇ ಸಲಕ್ಕೆ ಆರೂ ಗೀಟು ಹೋದವು. ಕೆಳಗಿನ ಸುಜು ಅಳಿಸದಂತೆ ಹೆಬ್ಬೆರಳು ಅಡ್ಡ ಇಟ್ಟು, ಉಳಿದ ಬಿಳಿ ಕಲೆಯನ್ನೂ ಒರೆಸಿದ. ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿದಾಗ ತಗಡು ಕನ್ನಡಿಯಂತಾಯಿತು. ಕುಂಚ ತೊಳೆದು, ಡಬ್ಬಿಯ ಮುಚ್ಚಳ ತೆರೆದ.

"ಫುಕುಶಿ ಬರಿಯೋಕೆ ನಂಗೆ ಬರುತ್ತೆ. ಈ ಊರಲ್ಲೂ ಆ ಹೆಸರಿನ ಎರಡು ಮನೆ ಇದಾವೆ. ಜಾಗ ಸಾಲದಿದ್ರೆ ಸ್ವಲ್ಪ ಸಣ್ಣದಾಗಿ ಬರ್ದ್ರಾಯ್ತು. ಅರ್ಧ ಗಂಟೇಲಿ ಒಣಗುತ್ತೆ, ಅಷ್ಟರಲ್ಲಿ ಅಜ್ಜಿ ಹತ್ರ ಏನಾದ್ರೂ ತಿನ್ನು. ಹಿಡ್ಕೋ, ಅಲ್ಲಾಡಿಸ್ಬೇಡ."

ಕುಂಚದ ತುದಿಯ ಪೇಂಟನ್ನು ಡಬ್ಬಿಯ ಅಂಚಿಗೆ ಒತ್ತಿ ತೆಗೆದು, ಉಸಿರು ಬಿಗಿಹಿಡಿದು ಕೈ ಚಾಚಿದ. ಸುಜು ಸೈಕಲ್ಲನ್ನು ಹಿಂದಕ್ಕೆಳೆದುಕೊಂಡಳು.

"ಬೇಡ."

"ಈ ಸಲ ನೆಟ್ಟಗೆ ಬರೀತೀನಿ ಕಣೇ. ಕೈ ಬೆಚ್ಚಗಾಗಿದೆ."

"ಬೇಡ ಅಪ್ಪ," ಎಂದಳು ಅವಳು. "ಅದನ್ನ ನೀನು ಬರೀಬೇಡ."